ಕೆಳಗಿದ್ದ ನಿಪ್ಪಲ್

ಕಾರಿನ ತುಂಬಾ ಜನ ಕೂತು ಉದ್ದ ಇಳಿಜಾರು ಇಳಿಯುವಾಗ ಬ್ರೇಕ್ ಕಾದು ಹಿಡಿತ ಕಮ್ಮಿಯಾಗಿದ್ದು ನನಗೆ ಎರಡು ಸಲ ಅನುಭವಕ್ಕೆ ಬಂದಿತ್ತು. ಆ ಭಯ ಮನಸ್ಸಿನಿಂದ ಹೋಗಲೇ ಇಲ್ಲ. ನನ್ನದು ಚಿಕ್ಕ ಎಂಜಿನ್ನಿನ ಕಾರು. ಅದೇ ಮಾಡೆಲ್‌ನ ದೊಡ್ಡ ಎಂಜಿನ್ನಿನ ಕಾರಿಗೆ ಬ್ರೇಕ್ ಕೂಡ ದೊಡ್ಡದು. ಹಿಂದಿನಿಂದ ಗುದ್ದಿಸಿಕೊಂಡ ಅಂಥದೊಂದು ಕಾರು ಗುಜರಿಗೆ ಬಂದಿತ್ತು. ಮುಂಭಾಗಕ್ಕೆ ಒಂದು ಗೀರೂ ಆಗಿರಲಿಲ್ಲ. ಮುಂದಿನ ಎರಡೂ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ), ಅದನ್ನು ಪ್ಯಾಡ್‌ಗಳಿಂದ ಅದುಮಿ ಹಿಡಿಯುವ ಕ್ಯಾಲಿಪರ್, ಬ್ರಾಕೆಟ್ ಬಿಚ್ಚಿಕೊಂಡು ನನ್ನ ಕಾರಿಗೆ ಹಾಕಲು ತಂದೆ.

ನನ್ನ ಡಿಸ್ಕ್ 234 ಮಿ.ಮೀ., ಇದು 256. ಚಕ್ರದ ನಡುವಿನಿಂದ ಜಾಸ್ತಿ ದೂರದಲ್ಲಿ ಹಿಡಿಯುವುದರಿಂದ ಅಷ್ಟೇ ಒತ್ತಿದರೂ ಕಾರು ಬೇಗ ನಿಲ್ಲುತ್ತದೆ. ಕಬ್ಬಿಣ ಹೆಚ್ಚಿರುವುದರಿಂದ ಕಾಯುವುದೂ ನಿಧಾನ. ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ 48ರ ಬದಲು 54 ಮಿ.ಮೀ. ಹಾಗಾಗಿ ಅದನ್ನು ತಳ್ಳಲು ಬ್ರೇಕ್ ಆಯಿಲ್ ಕೂಡ ಜಾಸ್ತಿ ಬೇಕು. ಪೆಡಲ್ ಒತ್ತಿದಾಗ ಆ ಆಯಿಲ್ ತಳ್ಳುವುದು ಮಾಸ್ಟರ್ ಸಿಲಿಂಡರ್. ಎರಡೂ ಕಾರಿನ ಮಾಸ್ಟರ್ ಸಿಲಿಂಡರ್ ಮತ್ತು ಹಿಂದಿನ ಬ್ರೇಕ್ ಒಂದೇ ಅಂತ ಪಾರ್ಟ್ ನಂಬರ್ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಕೈ ಹಾಕಿದ್ದು.

ಹಳೆಯ ಲೋಹವನ್ನು ಅಳೆದು ನೋಡಿ ನಂಬಬಹುದು. ಹಳೆಯ ರಬ್ಬರನ್ನು ಮಾತ್ರ ನಾನು ನಂಬುವುದಿಲ್ಲ. ಡಿಸ್ಕ್ ಮೇಲೆ ಕನಿಷ್ಠ ದಪ್ಪ 20 ಮಿ.ಮೀ. ಅಂತ ಕೊರೆದಿತ್ತು. ನಾಲ್ಕು ಕಡೆ ಅಳೆದೆ, ಎಲ್ಲೂ 21ಕ್ಕಿಂತ ಕಡಿಮೆ ಇರಲಿಲ್ಲ. ಪಿಸ್ಟನ್ ಹೊರಗೆ ತೆಗೆದು ಉಗುರಿನಿಂದ ಸವರಿ ನೋಡಿದೆ. ತುಕ್ಕಿನ ಗುಳಿ ಸಿಕ್ಕಿದ್ದರೆ ಎಸೆದೇಬಿಡುತ್ತಿದ್ದೆ. ಸೀಲ್, ಹೋಸ್, ಪ್ಯಾಡ್, ತಾಮ್ರದ ವಾಷರ್, ಬ್ರೇಕ್ ಆಯಿಲ್ ಎಲ್ಲಾ ಹೊಸದು.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಡಿಸ್ಕ್ ಕೂರುವ ಹಬ್‌ನ ತುಕ್ಕು ಉಜ್ಜಿ, ಎಲ್ಲವನ್ನೂ ಕೂರಿಸುವ ಹೊತ್ತಿಗೆ ಮಧ್ಯಾಹ್ನ. ಇನ್ನು ಏರ್ ತೆಗೆಯುವುದೊಂದೇ ಬಾಕಿ. ಆಯಿಲ್ ಜೊತೆ ಗಾಳಿ ಉಳಿದರೆ ಪೆಡಲ್ ಮೆತ್ತಗಾಗುತ್ತದೆ. ಅದನ್ನು ಹೊರಬಿಡಲು ಕ್ಯಾಲಿಪರ್‌ನಲ್ಲಿ ನಿಪ್ಪಲ್ ಅನ್ನುವ ಚಿಕ್ಕ ತಿರುಪು ಇರುತ್ತದೆ. ಮಗಳು ಪೆಡಲ್ ಮೇಲೆ ಕಾಲಿಟ್ಟು ಕೂತಳು.

"ಒತ್ತಿ ಹಿಡ್ಕೋ." ನಿಪ್ಪಲ್ ಸಡಿಲಿಸುತ್ತಿದ್ದೆ, ಬಿಗಿಸುತ್ತಿದ್ದೆ. "ಈಗ ಬಿಡು."

ಹೀಗೇ ಒಂದು ಗಂಟೆ. ನಿಪ್ಪಲ್‌ನಿಂದ ಬರುವ ಆಯಿಲ್ ಹಿಡಿಯುವ ಬಾಟಲಿಯಲ್ಲಿ ಗುಳ್ಳೆ ಬರುವುದು ನಿಂತಿತ್ತು.

"ಅಪ್ಪಾ, ಇನ್ನೂ ಮೆತ್ತಗೇ ಇದೆ."

ಪ್ರತಿ ಜಾಯಿಂಟನ್ನೂ ಒರೆಸಿ ನೋಡಿದೆ, ಎಲ್ಲೂ ಸೋರಿಕೆ ಇಲ್ಲ. ಇನ್ನೊಂದು ಡಬ್ಬಿ ಆಯಿಲ್ ಖಾಲಿಯಾಯಿತು. ಮಾಸ್ಟರ್ ಸಿಲಿಂಡರೇ ಹೋಯಿತೇನೋ ಅನ್ನಿಸಿ ಹೊಟ್ಟೆಯಲ್ಲಿ ಸಂಕಟ. ಸುಸ್ತಾಗಿ ನೆಲದ ಮೇಲೆ ಕೂತಾಗ, ಬಿಚ್ಚುವ ಮೊದಲು ಹಳೆಯ ಬ್ರೇಕಿನ ಫೋಟೋ ತೆಗೆದಿದ್ದು ನೆನಪಾಯಿತು. ಫೋಟೋದಲ್ಲಿ ನಿಪ್ಪಲ್ ಕ್ಯಾಲಿಪರ್‌ನ ತುದಿಯಲ್ಲಿ, ಮೇಲಕ್ಕಿತ್ತು. ನಾನು ಹಾಕಿದ್ದರಲ್ಲಿ ಕೆಳಕ್ಕೆ! ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂರಿಸಿದ್ದೆ. ಬೋಲ್ಟ್‌ಗಳು ಎರಡೂ ಕಡೆ ಸರಿಯಾಗಿ ಕೂರುವುದರಿಂದ ಅನುಮಾನವೇ ಬಂದಿರಲಿಲ್ಲ. ಕೆಳಗಿನಿಂದ ಬರೀ ಆಯಿಲ್ ಹೋಗುತ್ತಿತ್ತು, ಗಾಳಿ ಮೇಲೆ ಹಾಯಾಗಿ ಕೂತಿತ್ತು.

ಅದಲುಬದಲು ಮಾಡಿ, ಹೊಸ ವಾಷರ್ ಹಾಕಿ ಮತ್ತೆ ಶುರು ಮಾಡಿದೆವು. ಆರನೇ ಸಲಕ್ಕೆ ಮಗಳು "ಅಪ್ಪಾ, ಗಟ್ಟಿಯಾಯ್ತು!" ಅಂತ ಕೂಗಿದಳು. ಆ ಮಾತು ಕೇಳಿ ನನ್ನ ಕಣ್ಣು ತುಂಬಿಬಂತು.

ರಾತ್ರಿ ಎರಡೂ ಚಕ್ರದ ಕೆಳಗೆ ಪೇಪರ್ ಹಾಸಿದೆ. ಬೆಳಿಗ್ಗೆ ಒಂದು ಹನಿಯೂ ಬಿದ್ದಿರಲಿಲ್ಲ. ಖಾಲಿ ರಸ್ತೆಯಲ್ಲಿ ಒಬ್ಬನೇ ಹೋಗಿ, 50ರಿಂದ 10ಕ್ಕೆ ನಿಧಾನವಾಗಿ ಇಳಿಸುತ್ತಾ ಹತ್ತಾರು ಸಲ ಬ್ರೇಕ್ ಹಾಕಿ ಪ್ಯಾಡ್ ಪಳಗಿಸಿದೆ. ಬೋಲ್ಟ್‌ಗಳ ಬಿಗಿ ಇನ್ನೊಮ್ಮೆ ನೋಡಿದೆ. ಆಮೇಲೆಯೇ ಮಗಳನ್ನು ಹತ್ತಿಸಿಕೊಂಡಿದ್ದು.