ಪುಸ್ತಕದಲ್ಲಿ 76, ನಮ್ಮ ಗೋಡೆಯಲ್ಲಿ 68

ವಾತಾವರಣದ ಒತ್ತಡ 76 ಸೆಂಟಿಮೀಟರ್ ಪಾದರಸ ಅಂತ ನಾವೆಲ್ಲ ಉರುಹೊಡೆದಿದ್ದೆವು. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕವನ್ನೂ ತಗೊಂಡಿದ್ದೆವು. ಆದರೆ ನಮ್ಮ ಲ್ಯಾಬಿನ ಗೋಡೆಯ ಮೇಲಿದ್ದ ಫೋರ್ಟಿನ್ ಬಾರೋಮೀಟರ್ ಒಂದು ದಿನವೂ 76 ತೋರಿಸಿದ್ದಿಲ್ಲ. 68 ಚಿಲ್ಲರೆ, ಅಷ್ಟೇ. ಅದು ಕೆಟ್ಟಿದೆ ಅಂತ ಇಡೀ ಕ್ಲಾಸು ತೀರ್ಮಾನಿಸಿತ್ತು.

ನಮ್ಮ ಫಿಸಿಕ್ಸ್ ಮೇಷ್ಟ್ರು ಕೇಳಿದ ತಕ್ಷಣ ಉತ್ತರ ಕೊಡುವವರಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಮ್‌ನ ಭಾಷಣಗಳಿಗೆ ತಪ್ಪದೆ ಹೋಗುತ್ತಿದ್ದರು. ಎದುರುಪ್ರಶ್ನೆ ಹಾಕುವ ಚಟ ಅಲ್ಲಿಂದಲೇ ಅಂಟಿತ್ತೋ ಏನೋ. "ಕೆಟ್ಟಿದ್ರೆ ದಿನಾ ಒಂದೇ ಥರ ಕೆಟ್ಟಿರುತ್ತೇನ್ರೋ?" ಅಂದರು. ನೀರು ಕಾಯಿಸಲು ಹೇಳಿದರು. ಹೈಪ್ಸೋಮೀಟರ್ ಅನ್ನುವ ತಾಮ್ರದ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಹಬೆಯಲ್ಲಿದ್ದ ಥರ್ಮಾಮೀಟರ್ ಮಾತ್ರ 100 ಮುಟ್ಟದೆ 97 ಡಿಗ್ರಿಯ ಹತ್ತಿರವೇ ನಿಂತುಬಿಟ್ಟಿತು. ಅಂದರೆ ಬಾರೋಮೀಟರ್ ಹೇಳಿದ್ದು ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅಷ್ಟು ಗಾಳಿಯ ಭಾರ ನಮ್ಮ ಮೇಲಿಲ್ಲ, ಆದ್ದರಿಂದ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಪುಸ್ತಕ ಹೇಳಿದ್ದು ಸಮುದ್ರದ ದಡದ ಮಾತು.

ಆ ಬಾರೋಮೀಟರ್ ಓದುವುದೇ ಒಂದು ಕೆಲಸ. ಕೆಳಗಡೆ ಪಾದರಸದ ಬಟ್ಟಲು, ಅದರೊಳಕ್ಕೆ ಇಳಿಬಿದ್ದ ದಂತದ ಒಂದು ಸಣ್ಣ ಮೊನೆ. ತಳದ ತಿರುಪು ತಿರುಗಿಸಿದರೆ ಪಾದರಸ ಮೇಲೇಳುತ್ತದೆ. ಮೊನೆಯೂ ಪಾದರಸದಲ್ಲಿ ಕಾಣುವ ಅದರ ಬಿಂಬವೂ ಒಂದಕ್ಕೊಂದು ತಾಗಿದಾಗ ನಿಲ್ಲಿಸಬೇಕು. ಆಮೇಲೆ ಮೇಲ್ಗಡೆ ವರ್ನಿಯರ್ ಅನ್ನುವ ಜಾರುವ ಸಣ್ಣ ಅಳತೆಪಟ್ಟಿ ಹೊಂದಿಸಿ ಓದಬೇಕು. ನಮ್ಮಲ್ಲಿ ಬಹಳ ಜನ ಕೆಳಗಿನ ಕೆಲಸ ಬಿಟ್ಟು ಮೇಲಿನದು ಮಾತ್ರ ಓದಿ ರೆಕಾರ್ಡ್ ಬುಕ್ಕಿಗೆ ಇಳಿಸುತ್ತಿದ್ದರು.

ಇದೆಲ್ಲ ಈಗ ನೆನಪಾಗಲು ಕಾರಣ ಇದೆ. ಲ್ಯಾಬು ಹೊಸ ಕಟ್ಟಡಕ್ಕೆ ಹೋಗುತ್ತಿದೆಯಂತೆ. ಹಳೇ ಬೀರುಗಳನ್ನು ಖಾಲಿ ಮಾಡುವಾಗ ಸಿಕ್ಕ ಸಾಮಾನುಗಳ ಫೋಟೊಗಳನ್ನು ಈಗಿನ ಮೇಡಂ ಒಬ್ಬರು ವಾಟ್ಸಾಪಿನಲ್ಲಿ ಕಳಿಸಿ, "ಸರ್, ಇವು ಏನು ಅಂತ ಗೊತ್ತಾ?" ಅಂತ ಕೇಳಿದ್ದರು. ಲೇಬಲ್ಲು ಯಾವತ್ತೋ ಉದುರಿಹೋಗಿವೆ. ಪರವಾಗಿಲ್ಲ, ಇವುಗಳ ಮೈಯೇ ಗುರುತು ಹೇಳುತ್ತದೆ.

ನೆಟ್ಟಗೆ ನಿಂತ ದೊಡ್ಡ ಬಳೆಯಂಥದ್ದು ಟ್ಯಾಂಜೆಂಟ್ ಗ್ಯಾಲ್ವನೋಮೀಟರ್, ಕರೆಂಟ್ ಅಳೆಯುವ ಸಾಧನ. ಪೀಠದ ಟರ್ಮಿನಲ್‌ಗಳ ಪಕ್ಕ 2, 50, 500 ಅಂತ ಕೊರೆದಿದೆ ನೋಡಿ, ಅವು ಸುರುಳಿಯ ಸುತ್ತುಗಳು. ನಡುವಿನ ಡಬ್ಬಿಯಲ್ಲಿ ಗಿಡ್ಡ ಕಾಂತಸೂಜಿ, ಅದಕ್ಕೆ ಅಡ್ಡಲಾಗಿ ಉದ್ದನೆಯ ಅಲ್ಯೂಮಿನಿಯಂ ಮುಳ್ಳು. ಎಲ್ಲಾ ತಿರುಪೂ ಹಿತ್ತಾಳೆ. ಅದು ಅಂದಕ್ಕಲ್ಲ, ಕಬ್ಬಿಣವಿದ್ದರೆ ಸೂಜಿ ಅದರ ಕಡೆ ತಿರುಗಿಬಿಡುತ್ತದೆ. ಮೊದಲು ಸುರುಳಿಯನ್ನು ಸೂಜಿಯ ದಿಕ್ಕಿಗೆ ತರಬೇಕು, ಆಮೇಲೆ ಡಬ್ಬಿ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬೇಕು. ಮುಳ್ಳು 45 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಲೆಕ್ಕದಲ್ಲಿ ತಪ್ಪು ಕಡಿಮೆ. ನಮ್ಮ ಕಾಲದಲ್ಲಿ ಕಬ್ಬಿಣದ ಬೀರುವಿನ ಪಕ್ಕದ ಮೇಜಿಗೆ ಯಾರೂ ಹೋಗುತ್ತಿರಲಿಲ್ಲ. ಅಟೆಂಡರ್ ಅಣ್ಣ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಹಾದುಹೋದರೂ ಮುಳ್ಳು ನಡುಗುತ್ತಿತ್ತು. ಯಾರ ರೀಡಿಂಗ್ ಕೆಟ್ಟರೂ ಬೈಗುಳ ಮಾತ್ರ ಅವರಿಗೇ.

ಕರಿ ಎಬೊನೈಟ್ ಹಲಗೆ, ಮೇಲೆ ಹಿತ್ತಾಳೆ ತುಂಡುಗಳು, ನಡುನಡುವೆ ಪ್ಲಗ್ಗು: ಅದು ಪೋಸ್ಟ್ ಆಫೀಸ್ ಬಾಕ್ಸ್. ಇದರೊಳಗೆ ಪತ್ರ ಹಾಕುತ್ತಾರಾ ಅಂತ ಕೇಳದ ಬ್ಯಾಚೇ ಇರಲಿಲ್ಲ. ಬ್ರಿಟನ್ನಿನಲ್ಲಿ ಅಂಚೆ ಇಲಾಖೆಯವರೇ ಟೆಲಿಗ್ರಾಫ್ ನೋಡಿಕೊಳ್ಳುತ್ತಿದ್ದರು. ತಂತಿಯಲ್ಲಿ ದೋಷ ಎಲ್ಲಿದೆ ಅಂತ ಪತ್ತೆಹಚ್ಚಲು ಈ ಪೆಟ್ಟಿಗೆ. ಇಲ್ಲಿ ಪ್ಲಗ್ ಕಿತ್ತರೆ ರೋಧ, ಅಂದರೆ ಕರೆಂಟಿಗೆ ತಡೆ, ಸೇರುತ್ತದೆ, ಹಾಕಿದರೆ ಹೋಗುತ್ತದೆ. ಪ್ಲಗ್ ಸಡಿಲವಾಗಿದ್ದರೆ ಅದರದ್ದೇ ಒಂದಿಷ್ಟು ರೋಧ ಕೂಡಿಕೊಳ್ಳುತ್ತದೆ. ಹಾಗಾಗಿ ಒತ್ತುತ್ತಾ ಸ್ವಲ್ಪ ತಿರುಚಬೇಕು. ದಯವಿಟ್ಟು ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ.

ಎರಡು ತಟ್ಟೆ ಎದುರುಬದುರು ಸುತ್ತಿ ವಿದ್ಯುತ್ ಕಿಡಿ ಹಾರಿಸುವ ಯಂತ್ರ ವಿಮ್ಸ್‌ಹರ್ಸ್ಟ್. ನಮಗೆಲ್ಲ ಅಚ್ಚುಮೆಚ್ಚು. ಮಳೆಗಾಲದಲ್ಲಿ ಎಷ್ಟು ತಿರುಗಿಸಿದರೂ ಒಂದು ಕಿಡಿ ಬರುತ್ತಿರಲಿಲ್ಲ, ತೇವ ಚಾರ್ಜನ್ನು ನಿಲ್ಲಗೊಡುವುದಿಲ್ಲ. ಅಟೆಂಡರ್ ಅಣ್ಣ ತಟ್ಟೆಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಪಕ್ಕದಲ್ಲಿ ಬಲ್ಬು ಉರಿಸಿ ಬಿಸಿಮಾಡಿ ಕೊಡುತ್ತಿದ್ದರು. ಆಗ ಚಟ್ ಅಂತ ನೀಲಿ ಕಿಡಿ! ಎರಡು ಬದಿಯ ಲೈಡನ್ ಜಾಡಿಗಳು ಯಂತ್ರ ನಿಂತ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ. ಕಿಡಿ ಹಾರುವ ಎರಡು ಗುಂಡುಗಳನ್ನು ಒಂದಕ್ಕೊಂದು ತಾಗಿಸಿದ ಮೇಲೆಯೇ ಕೈ ಇಡಿ.

ಭಾರೀ ವೋಲ್ಟೇಜ್ ಹುಟ್ಟಿಸುವ ಇಂಡಕ್ಷನ್ ಕಾಯಿಲ್ ಮತ್ತು ಅದರಿಂದ ಬೆಳಗುವ ಗಾಜಿನ ಡಿಸ್ಚಾರ್ಜ್ ಟ್ಯೂಬುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ನೋಡಲು ಇಡಿ, ಕರೆಂಟ್ ಕೊಡಬೇಡಿ. ಶಾಕ್ ಒಂದು ಕಡೆ, ಕೆಲವು ಹಳೇ ಟ್ಯೂಬುಗಳಿಂದ ಎಕ್ಸ್-ರೇ ಕೂಡ ಹೊರಡುತ್ತದೆ. ಬಾರೋಮೀಟರನ್ನೂ ಸುಮ್ನೆ ಕಳಚಿ ಆಟೋದಲ್ಲಿ ಸಾಗಿಸಬೇಡಿ. ಅದರಲ್ಲಿರುವ ಪಾದರಸ ಚೆಲ್ಲಿದರೆ ಆವಿ ವಿಷ. ಗೊತ್ತಿದ್ದವರನ್ನು ಕರೆಸಿ.

ಇನ್ನೊಂದು ಫೋಟೊದಲ್ಲಿ ದಂಡಕಾಂತಗಳನ್ನು ಒಂದೇ ಡಬ್ಬಿಗೆ ಹೇಗೆ ಹೇಗೋ ತುರುಕಿದ್ದಾರೆ. ಜೋಡಿ ಮಾಡಿ, ಒಂದರ ಉತ್ತರದ ಪಕ್ಕ ಇನ್ನೊಂದರ ದಕ್ಷಿಣ ಬರುವಂತೆ ಇಡಿ, ನಡುವೆ ಮರದ ಪಟ್ಟಿ ಇರಲಿ. ಅದೇ ಬೀರುವಿನಲ್ಲಿ ಬೆರಳುದ್ದದ ಕಬ್ಬಿಣದ ತುಂಡುಗಳು ಸಿಕ್ಕಿರಬೇಕು. ಅವು ಕೀಪರ್‌ಗಳು, ಜೋಡಿಯ ಎರಡೂ ತುದಿಗೆ ಒಂದೊಂದು ಹಚ್ಚಿದರೆ ಕಾಂತದ ಬಲ ಉಳಿಯುತ್ತದೆ. ಗುಜರಿಗೆ ಹಾಕುವ ಚೀಲದಲ್ಲಿ ಸೇರಿಹೋಗಿದ್ದರೆ ಇವತ್ತೇ ಹುಡುಕಿ ತೆಗೆಯಿರಿ.