ಟಿವಿಗೂ ಒಂದು ಟವೆಲ್

ನಮ್ಮ ಓಣಿಯ ಕಾಕಾ ಸ್ಮಾರ್ಟ್ ಟಿವಿ ತಂದಿದ್ದಾರೆ. ನೋಡಿ ಮುಗಿದ ಮೇಲೆ ಪ್ಲಗ್ ಕಿತ್ತು, ಮೇಲೆ ಟವೆಲ್ ಹೊದಿಸುತ್ತಾರೆ. "ಸರ್ಕಾರ ಎಲ್ಲಾ ಕೇಳ್ತದ್ರಿ, ನಿಮಗ ಗೊತ್ತಿಲ್ಲ" ಅಂತಾರೆ. ಬ್ರಹ್ಮಪುರದಲ್ಲಿ ಎಲ್ಲರಿಗೂ ಇದೇ ತಮಾಷೆ.

ಆದರೆ ಸುಮ್ನೆ ಹುಟ್ಟಿದ ಭಯ ಅಲ್ಲ ಇದು. 2017ರ ಮಾರ್ಚಿನಲ್ಲಿ ಗುಟ್ಟಿನ ಕಾಗದ ಬಯಲು ಮಾಡುವ ವಿಕಿಲೀಕ್ಸ್ ಜಾಲತಾಣ ಹೊರಹಾಕಿದ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಕಾಗದಗಳಲ್ಲಿ ಇಂಥದ್ದೇ ಒಂದು ಉಪಾಯ ಇತ್ತು. ಸ್ಯಾಮ್‌ಸಂಗ್ ಟಿವಿ ಆಫ್ ಆದಂತೆ ಕಾಣುತ್ತೆ, ಪರದೆ ಕಪ್ಪು, ಒಳಗೆ ಮೈಕ್ ಮಾತ್ರ ರೆಕಾರ್ಡ್ ಮಾಡುತ್ತಾ ಇರುತ್ತೆ. ಆ ಕದ್ದು ಕೇಳೋ ಸಾಫ್ಟ್‌ವೇರ್ ಹಾಕೋಕೆ ಯಾರಾದರೂ ಹತ್ತಿರ ಬಂದು ಟಿವಿಗೆ ಯುಎಸ್‌ಬಿ ಚುಚ್ಚಬೇಕಿತ್ತು ಅನ್ನೋದು ಬೇರೆ ಮಾತು. ಕಾಕಾನ ಮನೆಯಲ್ಲಿ ಕೇಳಿಸೋದು ತೊಗರಿ ರೇಟಿನ ಜಗಳ. ಅದಕ್ಕೆ ಯಾರು ಅಷ್ಟು ದೂರ ಬರ್ತಾರೆ, ಅಲ್ವಾ? (ಟವೆಲ್ ಮೈಕನ್ನು ತಡೆಯಲ್ಲ. ಪ್ಲಗ್ ಕೀಳೋದು ಮಾತ್ರ ಸರಿ.)

ನನಗೆ ಟಿವಿಗಿಂತ ಫೋನಿನ ಮೇಲೆ ಅನುಮಾನ ಜಾಸ್ತಿ. 2025ರ ಕೊನೆಗೆ ಹೊಸ ಫೋನುಗಳಲ್ಲೆಲ್ಲ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕು ಅಂತ ಕೇಂದ್ರ ಹೇಳಿತು. ಕಳ್ಳತನವಾದ ಫೋನು ಹುಡುಕೋಕೆ ಒಳ್ಳೇ ಆ್ಯಪೇ. ಬೇಕಾದವರು ಹಾಕಿಕೊಳ್ಳಲಿ, ಕಡ್ಡಾಯ ಯಾಕೆ? ಜನ ಗಲಾಟೆ ಮಾಡಿದರು, ಕೆಲವೇ ದಿನಕ್ಕೆ ಆದೇಶ ವಾಪಸ್ಸಾಯಿತು.

ಕೇಳಿದರೆ ಆಗುತ್ತೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದ್ದೂ ಒಬ್ಬರು ಕೇಳಿದ್ದಕ್ಕೇ. ಅವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಕೇಸು ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.