ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಮಿಂಟ್ ಮತ್ತು ಕನ್ನಡ ಟೈಪಿಂಗ್

ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶಗಳಲ್ಲಿ ಲಿನಕ್ಸ್ ಸುಲಭವಾ, ವಿಂಡೋಸ್ ಸುಲಭವಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಅದರಲ್ಲಿ ಏನು ಕೆಲಸ ಆಗಬೇಕು? ನನ್ನದು ತುಮಕೂರಿನಲ್ಲಿ ಒಂದು ಡಿಟಿಪಿ ಅಂಗಡಿ. ಬಣ್ಣ, ಐಕಾನು ಎಲ್ಲ ಆಮೇಲೆ. ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಗಿರಾಕಿ ಕೈಗೆ ಕೊಡುವವರೆಗೆ ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು. ನನ್ನ ಲೆಕ್ಕದಲ್ಲಿ ಸುಲಭ ಅಂದರೆ ಅದೇ.

ಈ ಪ್ರಶ್ನೆ ಈಗ ಜಾಸ್ತಿ ಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಅಂದರೆ ಮಾಮೂಲಿ ಅಪ್‌ಡೇಟ್ ನಿಂತಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇರಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುತ್ತಿರುವ ಲ್ಯಾಪ್‌ಟಾಪನ್ನು ಇಷ್ಟಕ್ಕೇ ಮೂಲೆಗೆ ಹಾಕುವುದು ನನಗೆ ಸರಿಕಾಣುವುದಿಲ್ಲ.

ಗುಬ್ಬಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರದು ಅಂಥದ್ದೇ ಲ್ಯಾಪ್‌ಟಾಪ್. ಅದಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಹಾಕಿದೆ, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಉಬುಂಟು 24.04 ಅನ್ನುವ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಮೆನು ಕೆಳಗೆ ಎಡಮೂಲೆಯಲ್ಲೇ ಇದೆ. ಅದನ್ನು ಅವರೇ ಹುಡುಕಿಕೊಂಡರು. ಅವರ ಚಿಂತೆ ಬೇರೆಯಿತ್ತು, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ್ದು. "ನಾನು ನುಡಿಯಲ್ಲಿ ಟೈಪ್ ಮಾಡೋನು. ಇದರಲ್ಲಿ ಆ ಕೀಲಿಮಣೆ ಇರುತ್ತೇನಮ್ಮಾ?"

"ಇದೆ ಸರ್, ನೋಡಿ" ಅಂತ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕಗಪ ವಿನ್ಯಾಸ, ಅಂದರೆ ನುಡಿಯಲ್ಲಿರುವ ಕೀಲಿಮಣೆಯನ್ನೇ ಸೇರಿಸಿಕೊಟ್ಟೆ. ಅವರು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರು. ‘ಕನ್ನಡ’ ಅಂತ ಬಂತು. ಒತ್ತಕ್ಷರಕ್ಕೆ ಎಫ್, ಡಕಾರಕ್ಕೆ ಡಬ್ಲ್ಯೂ, ಎಲ್ಲ ಅವರ ಬೆರಳಿಗೆ ರೂಢಿಯಾದ ಜಾಗದಲ್ಲೇ. ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಲಿಲ್ಲ. ವಿಂಡೋಸ್ ಜೊತೆ ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀಲಿ ವಿನ್ಯಾಸ ಬರುತ್ತದೆ, 2019ರಿಂದ ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತುವ ಫೊನೆಟಿಕ್ ಕೂಡ ಇದೆ. ಆದರೆ ಕಗಪ ಬೇಕೆಂದರೆ ನುಡಿಯಂಥ ತಂತ್ರಾಂಶ ತಂದು ಹಾಕಿಕೊಳ್ಳಬೇಕು. ಲಿನಕ್ಸ್ ಕಷ್ಟ ಅನ್ನುವವರು ಇದೊಂದನ್ನು ನೋಡಲೇಬೇಕು.

ಹಾಗಂತ ನನ್ನ ಅಂಗಡಿಯ ದೊಡ್ಡ ಕಂಪ್ಯೂಟರ್‌ನಲ್ಲಿ ಇವತ್ತಿಗೂ ವಿಂಡೋಸೇ ಇದೆ. ಮದುವೆ ಪತ್ರಿಕೆಗಳೆಲ್ಲ ಕೋರೆಲ್‌ಡ್ರಾ ಅನ್ನುವ ಡಿಸೈನ್ ತಂತ್ರಾಂಶದಲ್ಲಿವೆ, ಅದರ ಲಿನಕ್ಸ್ ಆವೃತ್ತಿ ಈಗ ಇಲ್ಲ. ಅದರ ಬದಲಿಗೆ ಬಳಸಬಹುದಾದ ಇಂಕ್‌ಸ್ಕೇಪ್ ಒಳ್ಳೆಯದೇ, ಆದರೆ ವರ್ಷಗಟ್ಟಲೆ ಕೂಡಿಟ್ಟ ಡಿಸೈನುಗಳು ಅದರಲ್ಲಿ ಹಾಗೇ ತೆರೆದುಕೊಳ್ಳುವುದಿಲ್ಲ. ಹಳೇ ಆಸ್ಕಿ ಫಾಂಟಿನ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟಿನ ಫೈಲುಗಳದು ಇನ್ನೊಂದು ಪಾಡು. ಆ ಫಾಂಟ್ ಕಾಪಿ ಮಾಡಿಕೊಂಡರೆ ಲಿನಕ್ಸ್‌ನಲ್ಲಿ ಪತ್ರ, ಅರ್ಜಿ ಬರೆಯುವ ಲಿಬ್ರೆ ಆಫೀಸ್‌ನಲ್ಲಿ ಓದಲು ಬರುತ್ತದೆ. ತಿದ್ದಬೇಕೆಂದರೆ ಮೊದಲು ಈಗಿನ ಯೂನಿಕೋಡ್ ಅಕ್ಷರ ಪದ್ಧತಿಗೆ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಟೈಪ್ ಮಾಡಿದ್ದು ಒಂದು, ಕಾಣುವುದು ಇನ್ನೊಂದು. ನಮ್ಮ ಹಳೇ ಲೇಸರ್ ಪ್ರಿಂಟರ್ ಕೂಡ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಲೆಕ್ಕಪತ್ರಕ್ಕೆ ಟ್ಯಾಲಿ ತಂತ್ರಾಂಶ ನಂಬಿಕೊಂಡ ಅಂಗಡಿಯವರಿಗೂ ನಾನು ವಿಂಡೋಸ್ ಬಿಡಿ ಅನ್ನುವುದಿಲ್ಲ.

ಮ್ಯಾಕ್ ಬಗ್ಗೆ ಹೇಳುವುದು ಕಡಿಮೆ. ಚೊಕ್ಕವಾಗಿದೆ, ಆದರೆ ಅದಕ್ಕೆ ಆಪಲ್ ಕಂಪ್ಯೂಟರೇ ಕೊಳ್ಳಬೇಕು. ಹಳೇ ಯಂತ್ರ ಉಳಿಸಿಕೊಳ್ಳಲು ಬರುವವರಿಗೆ ಆ ಮಾತೇ ಬೇಡ.

ಮಿಂಟ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಪ್‌ಡೇಟ್ ರೀತಿ. ಅಪ್‌ಡೇಟ್ ಬಂದಿದೆ ಅಂತ ಮೂಲೆಯಲ್ಲಿ ತೋರಿಸಿ ಸುಮ್ನಿರುತ್ತದೆ, ಹಾಕುವ ಹೊತ್ತು ನಮ್ಮದು. ಬ್ರೌಸರ್, ಆಫೀಸ್, ಫೋಟೋ ತಿದ್ದುವ ಜಿಂಪ್ ಎಲ್ಲವೂ ಅದೇ ಒಂದು ಕಡೆ ಹೊಸದಾಗುತ್ತವೆ. ಮೊದಲೇ ಮಿಂಟ್‌ನ ಟೈಮ್‌ಶಿಫ್ಟ್‌ನಲ್ಲಿ ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಮ್ಮಿನ ಆ ಹೊತ್ತಿನ ನಕಲು ತೆಗೆದಿಟ್ಟರೆ, ಏನಾದರೂ ಕೆಟ್ಟಾಗ ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ತರಬಹುದು. ವಿಂಡೋಸ್‌ನಲ್ಲಿ ಅಪ್‌ಡೇಟನ್ನು ಸ್ವಲ್ಪ ದಿನ ತಡೆಯಬಹುದು, ಅಷ್ಟೇ. ಅಂಗಡಿ ಮುಂದೆ ಜನ ನಿಂತಿರುವಾಗ ಮಿಂಟ್‌ನ ಈ ರೀತಿಯ ಬೆಲೆ ಗೊತ್ತಾಗುತ್ತದೆ.

ಬ್ಯಾಂಕು, ಯೂಟ್ಯೂಬ್, ಪತ್ರ, ಮಕ್ಕಳ ಪಾಠ ಇಷ್ಟೇ ನಿಮ್ಮ ಕೆಲಸ ಅಂದರೆ ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡಬೇಡಿ. ಒಂದು 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ ನೋಡಬಹುದು, ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ನಿಮ್ಮ ಪ್ರಿಂಟರ್‌ನಲ್ಲಿ ಒಂದು ಹಾಳೆ ಬರುತ್ತಾ ನೋಡಿಕೊಳ್ಳಿ. ಮೂರೂ ಸರಿಯಿದ್ದರೆ ಫೋಟೋ, ಫೈಲುಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಟ್ಟು ಆಮೇಲೆ ಇನ್‌ಸ್ಟಾಲ್ ಒತ್ತಿ.